ಪೋರ್ಟ್ ಬದಲಾಯಿಸಿದರೂ ಬದಲಾಗುತ್ತಿಲ್ಲವೇ? ಸ್ಪ್ರಿಂಗ್ ಬೂಟ್‌ನಲ್ಲಿ ದೋಷ ಹುಡುಕುವ ದಾರಿ

ಜಾವಾದಲ್ಲಿ ವೆಬ್ ಅಪ್ಲಿಕೇಶನ್ ಬರೆಯಲು ಬಳಸುವ ಸ್ಪ್ರಿಂಗ್ ಬೂಟ್‌ನಲ್ಲಿ ಬರೆದದ್ದನ್ನು ಸುಮ್ನೆ ಓಡಿಸಿದರೆ 8080ನೇ ಪೋರ್ಟ್‌ನಲ್ಲಿ, ಅಂದರೆ ಮೆಷಿನ್‌ನ ಆ ನಂಬರಿನ ಬಾಗಿಲಲ್ಲಿ, ಏಳುತ್ತದೆ. ಒಳಗಿನ ವೆಬ್ ಸರ್ವರ್ ಟಾಮ್‌ಕ್ಯಾಟ್ ಆದರೂ ಅಷ್ಟೇ, ನೆಟ್ಟಿ ಆದರೂ ಅಷ್ಟೇ. ಅದನ್ನು ಬದಲಾಯಿಸಲು ಅಪ್ಲಿಕೇಶನ್.ಪ್ರಾಪರ್ಟೀಸ್ ಫೈಲಿಗೆ ಒಂದು ಸಾಲು ಸೇರಿಸಬೇಕು:

ಸರ್ವರ್.ಪೋರ್ಟ್=8081

ಸೇವ್ ಮಾಡಿ, ಮತ್ತೆ ಓಡಿಸಿ, ಬ್ರೌಸರ್‌ನಲ್ಲಿ 8081 ತೆರೆದರೆ ಆಯಿತು. ಎಷ್ಟೋ ಸಲ ಇಷ್ಟಕ್ಕೇ ಕೆಲಸ ಮುಗಿಯುತ್ತದೆ. ಮುಗಿಯದಿದ್ದಾಗ ಜನ ಆ ಒಂದೇ ಸಾಲನ್ನು ಹತ್ತು ಸಲ ಅಳಿಸಿ ಹತ್ತು ಸಲ ಬರೆಯುತ್ತಾರೆ. ಸಾಲು ಸರಿಯಾಗಿಯೇ ಇರುತ್ತದೆ, ತೊಂದರೆ ಬೇರೆ ಕಡೆ ಇರುತ್ತದೆ. ಅದು ಎಲ್ಲಿದೆ ಅಂತ ಕಂಡುಹಿಡಿಯುವ ಬಗೆಯನ್ನು ನಾನು ಕೆಲಸದಲ್ಲಿ ಮಾಡುವ ಕ್ರಮದಲ್ಲೇ ಬರೆಯುತ್ತೇನೆ.

ಕಮಾಂಡ್‌ಗಳನ್ನೂ ಸೆಟ್ಟಿಂಗ್‌ಗಳ ಹೆಸರುಗಳನ್ನೂ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಅಲ್ಲೇ ಹೇಳಿದ್ದೇನೆ.

ಮೊದಲು ಲಾಗ್, ಆಮೇಲೆ ಫೈಲ್

ಫೈಲಿನಲ್ಲಿರುವುದು ನಾವು ಕೇಳಿದ ಪೋರ್ಟ್. ಲಾಗ್‌ನಲ್ಲಿ, ಅಂದರೆ ಅಪ್ಲಿಕೇಶನ್ ಓಡುವಾಗ ಬರೆಯುತ್ತಾ ಹೋಗುವ ಸಾಲುಗಳಲ್ಲಿ, ಇರುವುದು ಅದಕ್ಕೆ ಸಿಕ್ಕ ಪೋರ್ಟ್. ಎರಡೂ ಒಂದೇ ಅಂದುಕೊಂಡು ಹುಡುಕಲು ಹೊರಟರೆ ಅಲ್ಲಿಂದಲೇ ದಾರಿ ತಪ್ಪುತ್ತದೆ. ಹಾಗಾಗಿ ಯಾರಾದರೂ ಬಂದು ಪೋರ್ಟ್ ಬದಲಾಗುತ್ತಿಲ್ಲ ಅಂದರೆ ನಾನು ಮೊದಲು ಕೇಳುವುದು ಲಾಗ್.

ಅದರಲ್ಲಿ ಮೂರು ಸಾಲು ಹುಡುಕಿ. ತೀರಾ ಮೇಲೆ, ಯಾವ ಪ್ರೊಫೈಲ್ (ಡೆವಲಪ್‌ಮೆಂಟ್, ಟೆಸ್ಟ್ ಹೀಗೆ ಒಂದೊಂದು ಕಡೆಗೆ ಇಡುವ ಸೆಟ್ಟಿಂಗ್‌ಗಳ ಗುಂಪು) ಆ್ಯಕ್ಟಿವ್ ಆಗಿದೆ ಅಂತ ಹೇಳುವ ಸಾಲು ಇರುತ್ತದೆ. ಸ್ವಲ್ಪ ಕೆಳಗೆ 'ಟಾಮ್‌ಕ್ಯಾಟ್ ಇನಿಶಿಯಲೈಸ್ಡ್' ಅಂತ ಒಂದು ಸಾಲು. ಕೊನೆಯ ಹತ್ತಿರ 'ಟಾಮ್‌ಕ್ಯಾಟ್ ಸ್ಟಾರ್ಟೆಡ್' ಅಂತ ಇನ್ನೊಂದು. ಈ ಎರಡರಲ್ಲೂ ಪೋರ್ಟ್ ನಂಬರ್ ಇರುತ್ತದೆ, ನೋಡಲು ಒಂದೇ ತರಹ ಕಾಣುತ್ತವೆ. ಇನಿಶಿಯಲೈಸ್ಡ್ ಅಂದರೆ ಈ ಪೋರ್ಟ್ ಹಿಡಿಯಲು ಹೊರಟಿದೆ, ಇನ್ನೂ ಹಿಡಿದಿಲ್ಲ. ಸ್ಟಾರ್ಟೆಡ್ ಅಂದರೆ ಹಿಡಿದಾಯಿತು. ಮೊದಲನೆಯದನ್ನು ನೋಡಿ 8081 ಬಂತು ಅಂತ ಖುಷಿಪಟ್ಟವರು ಬೇಕಾದಷ್ಟು ಜನ. ಎರಡನೆಯದು ಬಂದಿದೆಯಾ ಅಂತ ನೋಡಿ.

ಇಲ್ಲಿಂದ ದಾರಿ ಮೂರಾಗುತ್ತದೆ. ಸ್ಟಾರ್ಟೆಡ್ ಸಾಲು ಬರದೆ ಅಪ್ಲಿಕೇಶನ್ ಬಿದ್ದುಹೋದರೆ ಪೋರ್ಟ್ ಬೇರೆ ಯಾರದೋ ಕೈಲಿರಬಹುದು. ಸಾಲು ಬಂದು ನಂಬರ್ ಮಾತ್ರ ನೀವು ಬರೆದದ್ದಲ್ಲ ಅಂದರೆ ನಿಮ್ಮ ಫೈಲಿಗಿಂತ ಮೇಲಿನವರು ಯಾರೋ ಮಾತಾಡಿದ್ದಾರೆ. ನಂಬರ್ ಸರಿ ಇದ್ದು ಪೇಜ್ ತೆರೆಯುತ್ತಿಲ್ಲ ಅಂದರೆ ತೊಂದರೆ ಅಪ್ಲಿಕೇಶನ್‌ನ ಹೊರಗಿದೆ. ನಿಮ್ಮದು ಯಾವುದು ಅಂತ ಗಟ್ಟಿಯಾದ ಮೇಲೆ ಮಾತ್ರ ಮುಂದೆ ಓದಿ.

ಪೋರ್ಟ್ ಈಗಾಗಲೇ ಯಾರೋ ಹಿಡಿದಿದ್ದಾರೆ

ಈ ದೋಷವನ್ನು ಸ್ಪ್ರಿಂಗ್ ಬೂಟ್ ತಾನೇ ಬಾಯಿಬಿಟ್ಟು ಹೇಳುತ್ತದೆ. ವೆಬ್ ಸರ್ವರ್ ಏಳಲಿಲ್ಲ, 8080 ಆಗಲೇ ಬಳಕೆಯಲ್ಲಿದೆ, ಆ ಪ್ರೊಸೆಸ್ ನಿಲ್ಲಿಸಿ ಇಲ್ಲವೇ ಬೇರೆ ಪೋರ್ಟ್ ಕೊಡಿ ಅಂತ ಲಾಗ್‌ನ ಕೊನೆಯಲ್ಲಿ ಬರುತ್ತದೆ. 8080 ಅಂದರೆ ಎಲ್ಲರಿಗೂ ಇಷ್ಟವಾದ ನಂಬರ್. ಬಿಲ್ಡ್ ಮಾಡುವ ಜೆಂಕಿನ್ಸ್ ಅದನ್ನೇ ಹಿಡಿಯುತ್ತದೆ, ಬೇರೆಯಾಗಿ ಇನ್‌ಸ್ಟಾಲ್ ಮಾಡಿದ ಟಾಮ್‌ಕ್ಯಾಟ್ ಕೂಡ ಅದನ್ನೇ. ಒರಾಕಲ್ ಎಕ್ಸ್‌ಇ ಡೇಟಾಬೇಸ್‌ನ ಹಳೆಯ 10ಜಿ, 11ಜಿ ಆವೃತ್ತಿಗಳು ಇರುವ ಮೆಷಿನ್‌ನಲ್ಲಿ ಅದರ ವೆಬ್ ಪೇಜ್ ಕೂಡ ಅಲ್ಲೇ ಕೂತಿರುತ್ತದೆ.

ಲಿನಕ್ಸ್‌ನಲ್ಲಿ 'ಸುಡೊ ಎಸ್‌ಎಸ್ -ಎಲ್‌ಟಿಎನ್‌ಪಿ' ಹೊಡೆದರೆ ಯಾವ ಪೋರ್ಟ್ ಯಾವ ಪ್ರೊಸೆಸ್‌ನ ಕೈಲಿದೆ ಅಂತ ಪಟ್ಟಿ ಬರುತ್ತದೆ. ಸುಡೊ ಬಿಡಬೇಡಿ. ಬಿಟ್ಟರೆ ಬೇರೆ ಯೂಸರ್‌ನ ಪ್ರೊಸೆಸ್ ಹೆಸರು ಕಾಣುವುದಿಲ್ಲ, ಪೋರ್ಟ್ ಮಾತ್ರ ಕಾಣುತ್ತದೆ. ಮ್ಯಾಕ್‌ನಲ್ಲಿ 'ಎಲ್‌ಎಸ್‌ಒಎಫ್ -ಐ :8080'. ವಿಂಡೋಸ್‌ನಲ್ಲಿ 'ನೆಟ್‌ಸ್ಟ್ಯಾಟ್ -ಎಎನ್‌ಒ', ಅದರಲ್ಲಿ ಕೊನೆಯ ಕಾಲಂ ಪ್ರೊಸೆಸ್ ನಂಬರ್.

ಪಟ್ಟಿಯಲ್ಲಿ 'ಡಾಕರ್-ಪ್ರಾಕ್ಸಿ' ಅಂತ ಬಂದರೆ ಅದನ್ನು ಕೊಲ್ಲಲು ಹೋಗಬೇಡಿ. ಡಾಕರ್ ಓಡಿಸುವ ಯಾವುದೋ ಕಂಟೇನರ್‌ಗೆ (ತನ್ನದೇ ಡಬ್ಬಿಯಲ್ಲಿ ಓಡುವ ಅಪ್ಲಿಕೇಶನ್‌ಗೆ) ಆ ಪೋರ್ಟ್ ಕೊಟ್ಟಿದ್ದೀರಿ ಅಂತ ಅರ್ಥ. 'ಡಾಕರ್ ಪಿಎಸ್' ಹೊಡೆದು ಆ ಕಂಟೇನರ್ ನಿಲ್ಲಿಸಿ. 'ಜಾವಾ' ಅಂತ ಬಂದರೆ ಹೆಚ್ಚಾಗಿ ಅದು ನಿಮ್ಮದೇ ಅಪ್ಲಿಕೇಶನ್, ನಿನ್ನೆ ಓಡಿಸಿ ಮರೆತದ್ದು.

ಈ ಮರೆತದ್ದರಲ್ಲಿ ಒಂದು ಬಗೆಯದನ್ನು ಹತ್ತಿರದಿಂದ ನೋಡಬೇಕು. ಹೊಸದಾಗಿ ಟರ್ಮಿನಲ್ ಬಳಸುವವರು ಅಪ್ಲಿಕೇಶನ್ ನಿಲ್ಲಿಸಲು ಕಂಟ್ರೋಲ್ ಮತ್ತು ಸಿ ಒತ್ತುವ ಬದಲು ಕಂಟ್ರೋಲ್ ಮತ್ತು ಜೆಡ್ ಒತ್ತುತ್ತಾರೆ. ಟರ್ಮಿನಲ್‌ನಲ್ಲಿ 'ಸ್ಟಾಪ್ಡ್' ಅಂತ ಬರುತ್ತದೆ, ಪ್ರಾಂಪ್ಟ್ ವಾಪಸ್ ಸಿಗುತ್ತದೆ. ನಿಂತಿತು ಅಂತಲೇ ಅನ್ನಿಸುತ್ತದೆ, ಅಲ್ವಾ? ಅದು ಸತ್ತಿಲ್ಲ, ಉಸಿರು ಹಿಡಿದು ಕೂತಿದೆ ಅಷ್ಟೇ. ಪೋರ್ಟ್ ಅದರ ಕೈಲೇ ಇದೆ. ಬ್ರೌಸರ್‌ನಲ್ಲಿ ತೆರೆದರೆ ಪೇಜ್ ಬರುವುದೂ ಇಲ್ಲ, ಎರರ್ ಬರುವುದೂ ಇಲ್ಲ, ಸುಮ್ನೆ ಸುತ್ತುತ್ತಾ ಇರುತ್ತದೆ. ಅದೇ ಟರ್ಮಿನಲ್‌ನಲ್ಲಿ 'ಎಫ್‌ಜಿ' ಅಂತ ಹೊಡೆದು ಅದನ್ನು ಮುಂದಕ್ಕೆ ತನ್ನಿ, ಆಮೇಲೆ ಕಂಟ್ರೋಲ್ ಸಿ ಒತ್ತಿ. ಪೋರ್ಟ್ ಬಿಡುಗಡೆಯಾಗುತ್ತದೆ.

ವಿಂಡೋಸ್‌ನಲ್ಲಿ ಇನ್ನೊಂದು ವಿಚಿತ್ರ ಇದೆ. ನೆಟ್‌ಸ್ಟ್ಯಾಟ್ ಪಟ್ಟಿಯಲ್ಲಿ ಆ ಪೋರ್ಟ್ ಎಲ್ಲೂ ಇಲ್ಲ, ಆದರೂ ಹಿಡಿಯಲು ಬಿಡುವುದಿಲ್ಲ. ಹೈಪರ್-ವಿ (ವಿಂಡೋಸ್‌ನ ವರ್ಚುವಲ್ ಮೆಷಿನ್ ಸೌಲಭ್ಯ) ಆನ್ ಆಗಿರುವ ಮೆಷಿನ್‌ಗಳಲ್ಲಿ ವಿಂಡೋಸ್ ಕೆಲವು ಪೋರ್ಟ್‌ಗಳನ್ನು ಸಾಲುಸಾಲಾಗಿ ಮೀಸಲಿಟ್ಟುಕೊಳ್ಳುತ್ತದೆ. 'ನೆಟ್‌ಎಸ್‌ಎಚ್ ಇಂಟರ್‌ಫೇಸ್ ಐಪಿವಿ4 ಶೋ ಎಕ್ಸ್‌ಕ್ಲೂಡೆಡ್‌ಪೋರ್ಟ್‌ರೇಂಜ್ ಪ್ರೋಟೋಕಾಲ್=ಟಿಸಿಪಿ' ಅಂತ ಹೊಡೆದರೆ ಆ ಸಾಲುಗಳು ಕಾಣುತ್ತವೆ. ನಿಮ್ಮ ನಂಬರ್ ಅದರೊಳಗೆ ಬಿದ್ದಿದ್ದರೆ ಗುದ್ದಾಡುವುದು ಬೇಡ, ಬೇರೆ ನಂಬರ್ ಆರಿಸಿ.

ಫೈಲಿನಲ್ಲಿ ಒಂದು, ಲಾಗ್‌ನಲ್ಲಿ ಇನ್ನೊಂದು

ಜಾಸ್ತಿ ಹೊತ್ತು ತಿನ್ನುವುದು ಇದೇ. ಕಾರಣ ಇಷ್ಟು: ಪೋರ್ಟ್ ನಂಬರನ್ನು ಸ್ಪ್ರಿಂಗ್ ಬೂಟ್ ಒಂದೇ ಜಾಗದಿಂದ ಓದುವುದಿಲ್ಲ. ಹಲವು ಕಡೆ ನೋಡುತ್ತದೆ, ಮೇಲಿನವರು ಹೇಳಿದ್ದನ್ನು ಕೇಳುತ್ತದೆ.

ಎಲ್ಲರಿಗಿಂತ ಮೇಲೆ ಕಮಾಂಡ್ ಲೈನ್. ಜಾರ್ (ಅಪ್ಲಿಕೇಶನ್ ಕಟ್ಟಿಟ್ಟ ಫೈಲ್) ಓಡಿಸುವಾಗ ಕೊನೆಗೆ '--ಸರ್ವರ್.ಪೋರ್ಟ್=9000' ಅಂತ ಕೊಟ್ಟರೆ ಫೈಲಿನಲ್ಲಿ ಏನಿದ್ದರೂ 9000. ಅದರ ಕೆಳಗೆ '-ಡಿ' ಹಾಕಿ ಕೊಡುವ ಜಾವಾ ಸಿಸ್ಟಮ್ ಪ್ರಾಪರ್ಟಿ. ಇದರ 'ಡಿ' ದೊಡ್ಡಕ್ಷರ, ಮತ್ತು ಇದನ್ನು ಜಾರ್ ಹೆಸರಿಗಿಂತ ಮೊದಲೇ ಬರೆಯಬೇಕು. ಹೆಸರಿನ ಆಚೆ ಬರೆದರೆ ಅದಕ್ಕೆ ಬೆಲೆಯೇ ಇಲ್ಲ. ಅದರ ಕೆಳಗೆ ಎನ್ವಿರಾನ್ಮೆಂಟ್ ವೇರಿಯಬಲ್, ಅಂದರೆ ಆಪರೇಟಿಂಗ್ ಸಿಸ್ಟಮ್ ಪ್ರೊಸೆಸ್‌ಗೆ ಕೊಟ್ಟಿಡುವ ಸೆಟ್ಟಿಂಗ್. 'ಸರ್ವರ್_ಪೋರ್ಟ್' ಅಂತ ಎಲ್ಲ ದೊಡ್ಡಕ್ಷರದಲ್ಲಿ, ನಡುವೆ ಅಂಡರ್‌ಸ್ಕೋರ್ ಇಟ್ಟು ಇದ್ದರೆ ಅದೂ ನಡೆಯುತ್ತದೆ. ಇವೆಲ್ಲದರ ಕೆಳಗೆ ಫೈಲ್‌ಗಳು. ಫೈಲ್‌ಗಳ ಒಳಗೂ ಮೇಲು ಕೆಳಗು ಉಂಟು. ಜಾರ್‌ನ ಹೊರಗಿರುವ ಫೈಲ್ ಒಳಗಿರುವುದನ್ನು ಮೀರುತ್ತದೆ. 'ಅಪ್ಲಿಕೇಶನ್-ದೇವ್' ತರಹ ಪ್ರೊಫೈಲ್ ಹೆಸರಿರುವ ಫೈಲ್ ಅದೇ ಜಾಗದ ಸಾದಾ ಫೈಲನ್ನು ಮೀರುತ್ತದೆ. ಒಂದೇ ಫೋಲ್ಡರ್‌ನಲ್ಲಿ ಪ್ರಾಪರ್ಟೀಸ್ ಫೈಲ್ ಮತ್ತು ಯಾಮಲ್ ಫೈಲ್ (ಅದೇ ಸೆಟ್ಟಿಂಗ್‌ಗಳನ್ನು ಬರೆಯುವ ಇನ್ನೊಂದು ರೂಪ) ಎರಡೂ ಇದ್ದರೆ ಪ್ರಾಪರ್ಟೀಸ್ ಗೆಲ್ಲುತ್ತದೆ. ಯಾರೋ ಒಬ್ಬರು ಯಾಮಲ್‌ಗೆ ಬದಲಾಯಿಸಿ ಹಳೆಯ ಫೈಲ್ ಅಳಿಸದೆ ಬಿಟ್ಟ ಪ್ರಾಜೆಕ್ಟ್‌ಗಳಲ್ಲಿ ಇದು ತುಂಬ ಕಾಡುತ್ತದೆ.

ಹೀಗೆ ಓದುವಾಗ ಸುಲಭ. ಎದುರಿಗೆ ಬಂದಾಗ ಹೇಗಿರುತ್ತದೆ ಅಂತ ಒಂದು ಸಂಜೆಯ ಕೇಸ್ ಹೇಳುತ್ತೇನೆ.

ನಮ್ಮ ಟೀಮಿನ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಎತ್ತಿಕೊಂಡು ನನ್ನ ಟೇಬಲ್ ಹತ್ತಿರ ಬಂದಳು. ಟೆಸ್ಟ್ ಮೆಷಿನ್‌ನಲ್ಲಿ 8080 ಜೆಂಕಿನ್ಸ್ ಕೈಲಿತ್ತು, ಅದಕ್ಕೆ 8081 ಹಾಕಿದ್ದಳು. "ಸರ್, ಫೈಲ್ ಸರಿ ಇದೆ. ಜಾರ್ ಬಿಚ್ಚಿ ಒಳಗೂ ನೋಡ್ದೆ, 8081 ಅಂತಾನೇ ಇದೆ. ಆದ್ರೆ ಲಾಗ್ 9090 ಅಂತಿದೆ. 9090 ಅಂತ ನಾನು ಎಲ್ಲೂ ಬರೆದೇ ಇಲ್ಲ" ಅಂದಳು.

ಜಾರ್ ಬಿಚ್ಚಿ ನೋಡಿದ್ದು ಒಳ್ಳೆಯ ಕೆಲಸ. ಹಳೆಯ ಬಿಲ್ಡ್ ಓಡುತ್ತಿದೆಯೋ ಅನ್ನುವ ಅನುಮಾನ ಅಲ್ಲಿಗೆ ಮುಗಿಯಿತು. ಲಾಗ್‌ನಲ್ಲಿ 8080 ಇದ್ದಿದ್ದರೆ ಫೈಲ್ ಓದುತ್ತಲೇ ಇಲ್ಲ ಅನ್ನಬಹುದಿತ್ತು. 9090 ಅಂದರೆ ಆ ನಂಬರನ್ನು ಯಾರೋ ಬೇಕಂತಲೇ ಬರೆದಿದ್ದಾರೆ, ಅದೂ ಫೈಲಿಗಿಂತ ಮೇಲೆ. ಅವಳ ಟರ್ಮಿನಲ್‌ನಲ್ಲಿ 'ಎನ್ವ್' ಹೊಡೆದು ನೋಡಿದೆವು. ಪೋರ್ಟ್ ಅನ್ನುವ ಹೆಸರಿನದು ಒಂದೂ ಇಲ್ಲ. ಅವಳ ಮುಖ ಇಳಿಯಿತು.

ಆದರೆ ಆ ಅಪ್ಲಿಕೇಶನ್ ಓಡುತ್ತಿದ್ದದ್ದು ಅವಳ ಟರ್ಮಿನಲ್‌ನಿಂದ ಅಲ್ಲ, ಲಿನಕ್ಸ್‌ನಲ್ಲಿ ಹಿನ್ನೆಲೆಯ ಕೆಲಸಗಳನ್ನು ಓಡಿಸುವ ಸಿಸ್ಟಮ್‌ಡಿಯ ಸರ್ವಿಸ್ ಆಗಿ. ಅದರ ಎನ್ವಿರಾನ್ಮೆಂಟ್ ಬೇರೆ, ಲಾಗಿನ್ ಆದವರದು ಬೇರೆ. ಓಡುತ್ತಿರುವ ಪ್ರೊಸೆಸ್‌ನ ಎನ್ವಿರಾನ್ಮೆಂಟನ್ನೇ ನೋಡಬೇಕು. ಲಿನಕ್ಸ್‌ನಲ್ಲಿ ಅದು '/ಪ್ರಾಕ್' ಒಳಗೆ, ಪ್ರೊಸೆಸ್ ನಂಬರ್ ಹೆಸರಿನ ಫೋಲ್ಡರ್‌ನಲ್ಲಿ, 'ಎನ್ವಿರಾನ್' ಅನ್ನುವ ಫೈಲ್. ಸುಡೊ ಹಾಕಿ ತೆರೆದೆವು. ಎಲ್ಲ ಒಂದಕ್ಕೊಂದು ಅಂಟಿಕೊಂಡ ಅಕ್ಷರಗಳ ರಾಶಿ. ಅದರ ಮಧ್ಯೆ ಅವಳ ಬೆರಳೇ ಮೊದಲು ಹೋಗಿ ನಿಂತಿತು: ಸರ್ವರ್_ಪೋರ್ಟ್=9090.

ಸರ್ವಿಸ್ ಫೈಲನ್ನು ಬೇರೊಂದು ಅಪ್ಲಿಕೇಶನ್‌ನಿಂದ ಕಾಪಿ ಮಾಡಿದ್ದರು. ಹೆಸರು ಬದಲಾಯಿಸಿದ್ದರು, ಜಾರ್‌ನ ದಾರಿ ಬದಲಾಯಿಸಿದ್ದರು, ಎನ್ವಿರಾನ್ಮೆಂಟ್ ಸಾಲು ಹಾಗೇ ಉಳಿದಿತ್ತು. ಆ ಸಾಲು ತೆಗೆದು, 'ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್' ಹೊಡೆದು, ಸರ್ವಿಸ್ ರೀಸ್ಟಾರ್ಟ್ ಮಾಡಿದಾಗ 8081 ಬಂತು. ರೀಲೋಡ್ ಬಿಟ್ಟರೆ ಸಿಸ್ಟಮ್‌ಡಿ ಹಳೆಯ ಸಾಲನ್ನೇ ಹಿಡಿದುಕೊಂಡಿರುತ್ತದೆ, ಹಾಗಾಗಿ ಈ ಹೆಜ್ಜೆ ಮರೆಯಬೇಡಿ.

ಯಾರು ಮಾತಾಡಿದರು ಅಂತ ಅಪ್ಲಿಕೇಶನ್‌ನಿಂದಲೇ ಕೇಳುವ ದಾರಿಯೂ ಇದೆ. ಅಪ್ಲಿಕೇಶನ್‌ನ ಒಳಗಿನ ಸ್ಥಿತಿ ತೋರಿಸುವ ಆಕ್ಚುಯೇಟರ್ ಸೇರಿಸಿ ಅದರ 'ಎನ್ವ್' ಪುಟವನ್ನು ತೆರೆದಿಟ್ಟರೆ, ಪ್ರತಿ ಸೆಟ್ಟಿಂಗ್ ಯಾವ ಜಾಗದಿಂದ ಬಂತು, ಫೈಲ್ ಆದರೆ ಎಷ್ಟನೇ ಸಾಲಿನಿಂದ ಬಂತು ಅಂತಲೂ ತೋರಿಸುತ್ತದೆ. ಬೂಟ್ 3ರಿಂದ ಈಚೆಗೆ ಬೆಲೆಗಳ ಜಾಗದಲ್ಲಿ ನಕ್ಷತ್ರಗಳು ಕಾಣುತ್ತವೆ, ಆದರೆ ಎಲ್ಲಿಂದ ಬಂತು ಅನ್ನುವುದು ಕಾಣುತ್ತದೆ. ನಮಗೆ ಬೇಕಾದದ್ದು ಅದೇ. ನಿಮ್ಮ ಮೆಷಿನ್‌ನಲ್ಲಿ ಮಾತ್ರ ಇದನ್ನು ಮಾಡಿ. ಜನ ಬಳಸುವ ಸರ್ವರ್‌ನಲ್ಲಿ ಆ ಪುಟ ತೆರೆದಿಡಬಾರದು.

ಲಾಗ್‌ನಲ್ಲಿ ಬಂದದ್ದು 8080ಯೇ ಆದರೆ ಫೈಲ್ ಓದಿಲ್ಲ ಅಂತ ಅರ್ಥ. ಫೈಲ್ 'ಎಸ್‌ಆರ್‌ಸಿ/ಮೇನ್/ರಿಸೋರ್ಸಸ್' ಒಳಗೆ ಇದೆಯಾ ನೋಡಿ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಸ್ಪ್ರಿಂಗ್ ಬೂಟ್ ದೂರು ಹೇಳುವುದಿಲ್ಲ, ಫೈಲೇ ಇಲ್ಲ ಅಂದುಕೊಂಡು ಮುಂದೆ ಹೋಗುತ್ತದೆ. ವಿಂಡೋಸ್‌ನಲ್ಲಿ ಫೈಲ್‌ನ ಬಾಲ ಅಡಗಿಸಿಟ್ಟಿದ್ದರೆ 'ಅಪ್ಲಿಕೇಶನ್.ಪ್ರಾಪರ್ಟೀಸ್.ಟಿಎಕ್ಸ್‌ಟಿ' ಅಂತ ಸೇವ್ ಆಗಿರುವುದು ಗೊತ್ತೇ ಆಗುವುದಿಲ್ಲ. ಜಾರ್‌ನ ಪಕ್ಕದಲ್ಲಿ ಫೈಲ್ ಇಟ್ಟವರಿಗೆ ಇನ್ನೊಂದು ಮಾತು. ಸ್ಪ್ರಿಂಗ್ ಬೂಟ್ ನೋಡುವುದು ಜಾರ್ ಇರುವ ಫೋಲ್ಡರನ್ನಲ್ಲ, ನೀವು ಕಮಾಂಡ್ ಹೊಡೆದ ಫೋಲ್ಡರನ್ನು. ಸಿಸ್ಟಮ್‌ಡಿ ಸರ್ವಿಸ್‌ನಲ್ಲಿ 'ವರ್ಕಿಂಗ್‌ಡೈರೆಕ್ಟರಿ' (ಎರಡೂ ಪದಗಳ ಮೊದಲ ಅಕ್ಷರ ದೊಡ್ಡದು) ಸಾಲು ಇಲ್ಲದಿದ್ದರೆ ಅದು ಮೆಷಿನ್‌ನ ಬುಡದ ಫೋಲ್ಡರ್‌ನಿಂದ ಓಡುತ್ತದೆ, ಪಕ್ಕದಲ್ಲಿರುವ ಫೈಲ್ ಅದರ ಕಣ್ಣಿಗೇ ಬೀಳುವುದಿಲ್ಲ.

ಬಿಲ್ಡ್ ಮಾಡುವ ಸಾಧನ ಮೇವನ್‌ನಿಂದ ಓಡಿಸುವವರು 'ಎಂವಿಎನ್ ಸ್ಪ್ರಿಂಗ್-ಬೂಟ್:ರನ್' ಜೊತೆ ನೇರವಾಗಿ '-ಡಿ' ಹಾಕಿ ಸರ್ವರ್.ಪೋರ್ಟ್ ಕೊಡುತ್ತಾರೆ. ಆ ಮಾತು ಮೇವನ್‌ಗೆ ಹೋಗುತ್ತದೆ. ಅಪ್ಲಿಕೇಶನ್ ಬೇರೆಯೇ ಜಾವಾ ಪ್ರೊಸೆಸ್‌ನಲ್ಲಿ ಏಳುವುದರಿಂದ ಅದಕ್ಕೆ ತಲುಪುವುದಿಲ್ಲ. 'ಸ್ಪ್ರಿಂಗ್-ಬೂಟ್.ರನ್.ಆರ್ಗ್ಯುಮೆಂಟ್ಸ್' ಅನ್ನುವುದರ ಬೆಲೆಯಾಗಿ '--ಸರ್ವರ್.ಪೋರ್ಟ್=8081' ಕೊಟ್ಟರೆ ತಲುಪುತ್ತದೆ.

ಇನ್ನೆರಡು ಕಡೆ ಈ ಪಟ್ಟಿಯೇ ಕೆಲಸಕ್ಕೆ ಬರುವುದಿಲ್ಲ. ಅಪ್ಲಿಕೇಶನ್ ಅನ್ನು ವಾರ್ ಫೈಲ್ ಮಾಡಿ ಹೊರಗಿನ ಟಾಮ್‌ಕ್ಯಾಟ್‌ಗೆ ಹಾಕಿದ್ದರೆ ಪೋರ್ಟ್ ಆ ಟಾಮ್‌ಕ್ಯಾಟ್‌ನ ಕೈಲಿರುತ್ತದೆ. ಅದರ 'ಕಾನ್ಫ್' ಫೋಲ್ಡರ್‌ನಲ್ಲಿರುವ 'ಸರ್ವರ್.ಎಕ್ಸ್‌ಎಂಎಲ್' ತೆರೆದು ಕನೆಕ್ಟರ್ ಸಾಲಿನಲ್ಲಿ ಬದಲಾಯಿಸಬೇಕು. ಇನ್ನೊಂದು, ಯಾರಾದರೂ ಕೋಡ್‌ನಲ್ಲೇ ವೆಬ್ ಸರ್ವರ್ ಫ್ಯಾಕ್ಟರಿ ಕಸ್ಟಮೈಸರ್ ಬರೆದು 'ಸೆಟ್‌ಪೋರ್ಟ್' ಕರೆದಿದ್ದರೆ. ಅದು ಸೆಟ್ಟಿಂಗ್‌ಗಳೆಲ್ಲ ಹಚ್ಚಿದ ಮೇಲೆ ಓಡುತ್ತದೆ. ಕಮಾಂಡ್ ಲೈನ್ ಕೂಡ ಅದರ ಮುಂದೆ ನಡೆಯದು. ಏನು ಮಾಡಿದರೂ ನಂಬರ್ ಅಲ್ಲಾಡುತ್ತಿಲ್ಲ ಅಂದರೆ ಪ್ರಾಜೆಕ್ಟ್ ಪೂರ್ತಿ 'ಸೆಟ್‌ಪೋರ್ಟ್' (ಇದರ 'ಪಿ' ದೊಡ್ಡಕ್ಷರ) ಅಂತ ಹುಡುಕಿ.

ಕುಬರ್ನೆಟಿಸ್‌ನಲ್ಲಿ (ಕಂಟೇನರ್‌ಗಳನ್ನು ಹಲವು ಮೆಷಿನ್‌ಗಳಲ್ಲಿ ನಡೆಸುವ ವ್ಯವಸ್ಥೆ) ಓಡಿಸುವವರಿಗೆ ಮಾತ್ರ ಬರುವ ಒಂದು ದೋಷ ಇದೆ. ಅಲ್ಲಿ ಪ್ರತಿ ಸರ್ವಿಸ್‌ನ ಹೆಸರಿಗೆ '_ಪೋರ್ಟ್' ಸೇರಿಸಿದ ಎನ್ವಿರಾನ್ಮೆಂಟ್ ವೇರಿಯಬಲ್ ಅದೇ ನೇಮ್‌ಸ್ಪೇಸ್‌ನ (ಗುಂಪಿನ) ಪಾಡ್‌ಗಳಿಗೆ, ಅಂದರೆ ಅಲ್ಲಿ ಓಡುವ ಕಂಟೇನರ್ ಘಟಕಗಳಿಗೆ, ತಾನಾಗಿ ಹೋಗುತ್ತದೆ. ಅದರ ಬೆಲೆ ಬರೀ ನಂಬರ್ ಅಲ್ಲ, 'ಟಿಸಿಪಿ://' ಇಂದ ಶುರುವಾಗುವ ಪೂರ್ತಿ ವಿಳಾಸ. ನಿಮ್ಮ ಸರ್ವಿಸ್‌ಗೆ 'ಸರ್ವರ್' ಅಂತ ಹೆಸರಿಟ್ಟಿದ್ದರೆ ಆ ವೇರಿಯಬಲ್ ಸರ್ವರ್_ಪೋರ್ಟ್ ಆಗಿಬಿಡುತ್ತದೆ. ಸ್ಪ್ರಿಂಗ್ ಬೂಟ್ ಅದನ್ನು ಪೋರ್ಟ್ ಅಂತ ಓದಲು ಹೋಗಿ, ಇದು ನಂಬರ್ ಅಲ್ಲ ಅಂತ ಬೀಳುತ್ತದೆ. ಸರ್ವಿಸ್‌ನ ಹೆಸರು ಬದಲಾಯಿಸಿ, ಇಲ್ಲವೇ ಪಾಡ್‌ನಲ್ಲಿ 'ಎನೇಬಲ್ ಸರ್ವಿಸ್ ಲಿಂಕ್ಸ್' (ಒಂದೇ ಪದವಾಗಿ, ಎರಡನೆಯ ಮತ್ತು ಮೂರನೆಯ ಪದದ ಮೊದಲ ಅಕ್ಷರ ದೊಡ್ಡದು) ಆಫ್ ಮಾಡಿ.

ಲಾಗ್ ಸರಿ ಇದೆ, ಪೇಜ್ ಬರುತ್ತಿಲ್ಲ

ಮೊದಲು ಅದೇ ಮೆಷಿನ್ ಒಳಗಿನಿಂದ 'ಕರ್ಲ್' (ಟರ್ಮಿನಲ್‌ನಿಂದಲೇ ಪೇಜ್ ಕೇಳುವ ಕಮಾಂಡ್) ಹೊಡೆದು ಲೋಕಲ್‌ಹೋಸ್ಟ್‌ನ, ಅಂದರೆ ಅದೇ ಮೆಷಿನ್‌ನ, 8081 ಕೇಳಿ. ಅಲ್ಲಿ ಉತ್ತರ ಬಂದರೆ ಅಪ್ಲಿಕೇಶನ್ ಮೇಲೆ ಅನುಮಾನ ಬೇಡ. ಆಮೇಲೆ ಹೊರಗಿನಿಂದ ಕೇಳಿ, ಎರರ್ ಯಾವ ತರಹದ್ದು ನೋಡಿ. ತಕ್ಷಣ 'ಕನೆಕ್ಷನ್ ರಿಫ್ಯೂಸ್ಡ್' ಅಂತ ಬಂದರೆ ಮೆಷಿನ್ ತಲುಪಿದೆ, ಆ ಪೋರ್ಟ್‌ನಲ್ಲಿ ಯಾರೂ ಇಲ್ಲ. ಆಗ 'ಸರ್ವರ್.ಅಡ್ರೆಸ್' 127.0.0.1 ಅಂತ ಇದೆಯಾ ನೋಡಿ. ಇದ್ದರೆ ಒಳಗಿನವರಿಗೆ ಮಾತ್ರ ಬಾಗಿಲು. ಬಹಳ ಹೊತ್ತು ಕಾಯಿಸಿ 'ಟೈಮ್ಡ್ ಔಟ್' ಅಂತ ಬಂದರೆ ಹೆಚ್ಚಾಗಿ ಫೈರ್‌ವಾಲ್ ನಡುವೆ ನಿಂತಿದೆ. ಕ್ಲೌಡ್‌ನಲ್ಲಿ ಓಡುತ್ತಿದ್ದರೆ ಸೆಕ್ಯೂರಿಟಿ ಗ್ರೂಪ್‌ನಲ್ಲಿ (ಅಲ್ಲಿನ ಫೈರ್‌ವಾಲ್‌ನಲ್ಲಿ) ಹೊಸ ಪೋರ್ಟ್ ತೆರೆದಿದ್ದೀರಾ ನೋಡಿ.

ಡಾಕರ್‌ನಲ್ಲಿ '-ಪಿ 8080:8081' ಅಂದರೆ ಎಡಗಡೆ ಹೊರಗಿನದು, ಬಲಗಡೆ ಕಂಟೇನರ್ ಒಳಗಿನದು. ಅಪ್ಲಿಕೇಶನ್‌ನ ಪೋರ್ಟ್ ಬದಲಾದಾಗ ಬಲಗಡೆಯದು ಬದಲಾಗಬೇಕು. ಡಾಕರ್‌ಫೈಲ್‌ನಲ್ಲಿ 'ಎಕ್ಸ್‌ಪೋಸ್' ಸಾಲು ಬದಲಾಯಿಸಿದರೆ ಸಾಕು ಅಂದುಕೊಳ್ಳುವವರಿದ್ದಾರೆ. ಅದು ಓದುವವರಿಗೆ ಬರೆದಿಟ್ಟ ಟಿಪ್ಪಣಿಯ ಹಾಗೆ, ಅದು ತಾನಾಗಿ ಯಾವ ಪೋರ್ಟನ್ನೂ ಹೊರಗೆ ತೆರೆಯುವುದಿಲ್ಲ.

ಅಪ್ಲಿಕೇಶನ್‌ನ ಮುಂದೆ, ಬ್ರೌಸರ್‌ನ ಕೋರಿಕೆಗಳನ್ನು ಒಳಗೆ ದಾಟಿಸುವ ಎನ್‌ಜಿನ್‌ಎಕ್ಸ್ ಸರ್ವರ್ ಇದ್ದು, ಅದರಲ್ಲಿ ಹಳೆಯ 8080 ಉಳಿದಿದ್ದರೆ ಬ್ರೌಸರ್‌ಗೆ 502 ಬರುತ್ತದೆ. ಅದರ ಎರರ್ ಲಾಗ್‌ನಲ್ಲಿ ಬ್ರ್ಯಾಕೆಟ್ ಒಳಗಿನ ನಂಬರ್ ನೋಡಿ. 111 ಅಂದರೆ ಆಚೆ ಯಾರೂ ಇಲ್ಲ, ಪೋರ್ಟ್ ತಪ್ಪಿದೆ. 13 ಅಂದರೆ ಅನುಮತಿ ಇಲ್ಲ, ಹೆಚ್ಚಾಗಿ ಲಿನಕ್ಸ್‌ನ ಭದ್ರತಾ ಪದರ ಎಸ್‌ಇ-ಲಿನಕ್ಸ್ ತಡೆಯುತ್ತಿದೆ. ಈ ಎರಡಕ್ಕೂ ಮದ್ದು ಬೇರೆ ಬೇರೆ, ಅದಕ್ಕೇ ಆ ನಂಬರ್ ಮುಖ್ಯ.

ನಂಬರ್ ಆರಿಸುವಾಗ

ಪೋರ್ಟ್ ನಂಬರ್ 65535ರವರೆಗೆ ಹೋಗುತ್ತದೆ, ಆದರೆ ಎಲ್ಲವೂ ನಮಗಲ್ಲ. 1024ಕ್ಕಿಂತ ಕೆಳಗಿನದು ಲಿನಕ್ಸ್‌ನಲ್ಲಿ ಸಾದಾ ಯೂಸರ್‌ಗೆ ಸಿಗುವುದಿಲ್ಲ. 80 ಬೇಕು ಅಂತ ಜಾವಾವನ್ನು ರೂಟ್ ಆಗಿ ಓಡಿಸಬೇಡಿ, ಮುಂದೆ ಎನ್‌ಜಿನ್‌ಎಕ್ಸ್ ಇಡಿ. ಲಿನಕ್ಸ್‌ನಲ್ಲಿ 32768ರಿಂದ 60999ರವರೆಗಿನದನ್ನು ಸಾಮಾನ್ಯವಾಗಿ ಹೊರಗೆ ಹೋಗುವ ಕನೆಕ್ಷನ್‌ಗಳು ಬಳಸುತ್ತವೆ. ಅಲ್ಲಿಂದ ಆರಿಸಿದರೆ ಹತ್ತು ಸಲ ಏಳುತ್ತದೆ, ಹನ್ನೊಂದನೇ ಸಲ ಏಳುವುದಿಲ್ಲ. ಇಂಥ ದೋಷ ಹುಡುಕುವುದು ಬಹಳ ಕಷ್ಟ.

ನೆನಪಿಡಲು ಸುಲಭ ಅಂತ 6666 ಹಾಕಿದರೆ ಅಪ್ಲಿಕೇಶನ್ ಏಳುತ್ತದೆ, ಕರ್ಲ್‌ಗೂ ಉತ್ತರ ಬರುತ್ತದೆ, ಕ್ರೋಮ್ ಮಾತ್ರ 'ಅನ್‌ಸೇಫ್ ಪೋರ್ಟ್' ಅಂತ ತೆರೆಯುವುದೇ ಇಲ್ಲ. 6665ರಿಂದ 6669, 6000, 5060 ಇವೆಲ್ಲ ಬ್ರೌಸರ್‌ಗಳ ತಡೆಪಟ್ಟಿಯಲ್ಲಿವೆ. ಮ್ಯಾಕ್ ಬಳಸುವವರು 5000 ಮತ್ತು 7000 ಬಿಟ್ಟುಬಿಡಿ. 2021ರ ಮಾಂಟೆರೇ ಆವೃತ್ತಿಯಿಂದ ಏರ್‌ಪ್ಲೇ ರಿಸೀವರ್ ಅಲ್ಲಿ ಕೂರುತ್ತದೆ. ನಾನು 8081ರಿಂದ 8099ರ ಒಳಗೆ ಒಂದನ್ನು ಆರಿಸಿ, ಟೀಮಿನ ಪಟ್ಟಿಯಲ್ಲಿ ಬರೆದಿಡುತ್ತೇನೆ.

ಎಲ್ಲ ಸರಿಹೋದ ಮೇಲೆ ಲಾಗಿನ್ ಕೆಟ್ಟರೆ

ಬ್ರೌಸರ್‌ಗೆ ಲೋಕಲ್‌ಹೋಸ್ಟ್‌ನ 8080 ಬೇರೆ ಮನೆ, 8081 ಬೇರೆ ಮನೆ. ಅದಕ್ಕೇ ಪೋರ್ಟ್ ಬದಲಾದ ಕೂಡಲೇ ಫ್ರಂಟ್‌ಎಂಡ್‌ನಲ್ಲಿ ಕಾರ್ಸ್ ಎರರ್ (ಬೇರೆ ವಿಳಾಸಕ್ಕೆ ಹೋಗುವ ಕರೆಯನ್ನು ಬ್ರೌಸರ್ ತಡೆಯುವುದು) ಬರುತ್ತದೆ. ಗೂಗಲ್ ಲಾಗಿನ್ ಬಳಸಿದ್ದರೆ 'ರೀಡೈರೆಕ್ಟ್ ಯುಆರ್‌ಐ ಮಿಸ್‌ಮ್ಯಾಚ್' ಬರುತ್ತದೆ. ಎರಡು ಕಡೆಯೂ ಹೊಸ ನಂಬರ್ ಇರುವ ವಿಳಾಸ ಸೇರಿಸಬೇಕು.

ಆದರೆ ಕುಕಿಗೆ, ಅಂದರೆ ಲಾಗಿನ್ ನೆನಪಿಡಲು ಬ್ರೌಸರ್‌ನಲ್ಲಿ ಇಡುವ ಗುರುತುಚೀಟಿಗೆ, ಪೋರ್ಟ್‌ನ ಹಂಗಿಲ್ಲ. 8080ರ ಅಪ್ಲಿಕೇಶನ್ ಇಟ್ಟ ಕುಕಿಯನ್ನು ಬ್ರೌಸರ್ 8081ಕ್ಕೂ ಕಳಿಸುತ್ತದೆ. ಎರಡೂ ಟಾಮ್‌ಕ್ಯಾಟ್ ಮೇಲೆ ಓಡುವ ಸ್ಪ್ರಿಂಗ್ ಬೂಟ್ ಆದರೆ ಎರಡೂ ಇಡುವ ಕುಕಿಯ ಹೆಸರು ಸಾಮಾನ್ಯವಾಗಿ ಒಂದೇ, ಜೆಸೆಷನ್‌ಐಡಿ. ಒಂದು ಟ್ಯಾಬ್‌ನಲ್ಲಿ ಲಾಗಿನ್ ಆದರೆ ಇನ್ನೊಂದು ಟ್ಯಾಬ್‌ನಲ್ಲಿ ಲಾಗೌಟ್ ಆಗುತ್ತದೆ. ಸೆಕ್ಯೂರಿಟಿ ಕೋಡ್‌ನಲ್ಲಿ ತಪ್ಪಿದೆ ಅಂತ ದಿನಗಟ್ಟಲೆ ಹುಡುಕಿದವರನ್ನು ನೋಡಿದ್ದೇನೆ, ಪಾಪ. ಕೋಡ್ ಮುಟ್ಟಬೇಕಾಗಿಲ್ಲ. ಎರಡರಲ್ಲಿ ಒಂದರ ಫೈಲಿನಲ್ಲಿ, ಪೋರ್ಟ್ ಸಾಲಿನ ಕೆಳಗೆ ಇದನ್ನು ಸೇರಿಸಿ ಮತ್ತೆ ಓಡಿಸಿ:

ಸರ್ವರ್.ಸರ್ವ್ಲೆಟ್.ಸೆಷನ್.ಕುಕಿ.ನೇಮ್=ಆರ್ಡರ್‌ಸೆಷನ್